ಡಿವಿಡಿ ಬರ್ನರ್ ಸರಿಯಾಗಿ ರೈಟ್ ಮಾಡುತ್ತಿದೆಯಾ? ಸ್ಪೀಡ್, ಕ್ವಾಲಿಟಿ ಪರೀಕ್ಷೆ ಮಾಡುವುದು ಹೇಗೆ?

ಕಡಲತಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ಊರಿನ ಯಕ್ಷಗಾನದ ಹಳೇ ಮಿನಿ ಡಿವಿ ಟೇಪ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿ ಇಟ್ಟುಕೊಂಡಿದ್ದೇನೆ. ಈಗ ಡಿವಿಡಿ ಮಾಡಿ ಹಂಚಬೇಕು. ಅದಕ್ಕೆ ಅಂತಲೇ ಒಂದು ಸೆಕೆಂಡ್ ಹ್ಯಾಂಡ್ ಸಾಟಾ ಬರ್ನರ್ ತೆಗೆದುಕೊಂಡೆ. ಮೇಲೆ 24ಎಕ್ಸ್ ಅಂತ ಇದೆ. ಡಿಸ್ಕ್ ಹೊಸದು. 16ಎಕ್ಸ್ ಡಿವಿಡಿ ಪ್ಲಸ್ ಆರ್ (ಒಂದೇ ಸಲ ಬರೆಯುವ ಥರದ್ದು), 50ರ ಡಬ್ಬಿ.

ಎರಡು ತೊಂದರೆ ಇದೆ. ತುಂಬಿದ ಡಿಸ್ಕ್ ಒಂದು ಮುಗಿಯಲು ಹದಿನೈದು ನಿಮಿಷ ಹಿಡಿಯುತ್ತಿದೆ. 24ಎಕ್ಸ್ ಅಂದ ಮೇಲೆ ಎರಡೂವರೆ ನಿಮಿಷದಲ್ಲಿ ಆಗಬೇಕಲ್ವಾ? ಇನ್ನೊಂದು, ಕಂಪ್ಯೂಟರ್‌ನಲ್ಲಿ ಚೆಂದ ಓಡುವ ಡಿಸ್ಕ್ ದೊಡ್ಡಪ್ಪನ ಮನೆಯ ಪ್ಲೇಯರ್‌ನಲ್ಲಿ ಕೊನೆ ಹತ್ತಿರ ಬರುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಚೆಂಡೆಯ ಒಂದೇ ಪೆಟ್ಟು ಟಕ್ ಟಕ್ ಟಕ್ ಅಂತ ಅಲ್ಲೇ ನಿಂತುಬಿಡುತ್ತದೆ.

ಬರ್ನರ್ ಹಾಳಾಗಿದೆಯಾ, ಡಿಸ್ಕ್ ಸರಿ ಇಲ್ಲವಾ, ಪ್ಲೇಯರ್‌ಗೆ ವಯಸ್ಸಾಯ್ತಾ? ಗೊತ್ತಾಗುವ ಹಾಗೆ ಪರೀಕ್ಷೆ ಮಾಡುವ ದಾರಿ ಯಾರಾದರೂ ಹೇಳಿ.

ತುಂಗಾತೀರ:
ಈ ಕಾಲದಲ್ಲಿ ಡಿವಿಡಿನಾ? ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಡಿ ಮಾರಾಯ್ರೆ.

ಕಡಲತಡಿ:
@ತುಂಗಾತೀರ ಪೆನ್‌ಡ್ರೈವ್ ಚುಚ್ಚಲು ಆ ಟಿವಿಗಳಲ್ಲಿ ಜಾಗವೇ ಇಲ್ಲ. ಕೇಳುತ್ತಿರುವವರೆಲ್ಲ ಎಪ್ಪತ್ತು ದಾಟಿದವರು. ಡಿಸ್ಕ್ ಹಾಕಿ ಬಟನ್ ಒತ್ತುವುದು ಅವರಿಗೆ ಗೊತ್ತು. ಅಷ್ಟು ಸಾಕು.

ಸಾಟಾಕೇಬಲ್:
ಮೊದಲು ಸ್ಪೀಡ್ ಲೆಕ್ಕ ಸರಿ ಮಾಡಿಕೊಳ್ಳೋಣ. ಡಿವಿಡಿಯ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.385 ಎಂಬಿ. ಸಿಡಿಯ 1ಎಕ್ಸ್ ಬರೀ 150 ಕೆಬಿ, ಅದನ್ನು ಇದಕ್ಕೆ ಸೇರಿಸಬೇಡಿ. 4.7 ಜಿಬಿ ಡಿಸ್ಕ್ 1ಎಕ್ಸ್‌ನಲ್ಲಿ ತುಂಬಲು ಹತ್ತಿರ ಹತ್ತಿರ 57 ನಿಮಿಷ ಬೇಕು. ನೀವು ಅದನ್ನು 24ರಿಂದ ಭಾಗಿಸಿ ಎರಡೂವರೆ ನಿಮಿಷ ಅಂದುಕೊಂಡಿದ್ದೀರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಡಬ್ಬದ ಮೇಲಿನ 16ಎಕ್ಸ್, 24ಎಕ್ಸ್ ಎಲ್ಲ ಬೈಕ್ ಕಂಪನಿ ಹೇಳುವ ಮೈಲೇಜ್ ಥರ. ಆ ವೇಗ ಸಿಗುವುದು ಡಿಸ್ಕ್‌ನ ಹೊರ ಅಂಚಿನಲ್ಲಿ, ಅದೂ ಕೊನೇ ಗಳಿಗೆಯಲ್ಲಿ. ಬರೆಯುವುದು ಒಳಗಿನಿಂದ ಹೊರಕ್ಕೆ. 16ಎಕ್ಸ್‌ನಲ್ಲಿ ಡ್ರೈವ್ ಡಿಸ್ಕನ್ನು ಒಂದೇ ಸಮ ತಿರುಗಿಸುತ್ತದೆ, ಇದಕ್ಕೆ ಸಿಎವಿ ಅನ್ನುತ್ತಾರೆ. ಒಳಗೆ ಸುತ್ತು ಚಿಕ್ಕದು, ಹಾಗಾಗಿ ಶುರುವಾಗುವುದು 6.6ಎಕ್ಸ್ ಆಸುಪಾಸಿನಲ್ಲಿ. ಹೊರಗೆ ಹೋಗ್ತಾ ಹೋಗ್ತಾ 16 ಮುಟ್ಟುತ್ತದೆ. ಸರಾಸರಿ ತೆಗೆದರೆ 11, 12 ಅಷ್ಟೇ. ಮೊದಲು ಲೇಸರ್ ಪವರ್ ಹೊಂದಿಸಿಕೊಳ್ಳುವುದು, ಕೊನೆಗೆ ಡಿಸ್ಕ್ ಮುಚ್ಚುವುದು ಎಲ್ಲ ಸೇರಿ ಐದೂವರೆಯಿಂದ ಆರು ನಿಮಿಷ. 8ಎಕ್ಸ್‌ಗೆ ಸುಮಾರು ಎಂಟು. 4ಎಕ್ಸ್‌ಗೆ ಹದಿನೈದು.

ನಿಮ್ಮದು ಹದಿನೈದು ಅಂದರೆ ಡ್ರೈವ್ 4ಎಕ್ಸ್‌ನಲ್ಲಿ ಬರೆಯುತ್ತಿದೆ. ಯಾಕೆ ಅಂತ ಹುಡುಕಬೇಕು. ರೈಟ್ ಆಗುವಾಗ ಎರಡು ಬಫರ್ ಪಟ್ಟಿ (ಬರೆಯುವ ಮುಂಚೆ ಡೇಟಾ ಕಾದು ನಿಲ್ಲುವ ಜಾಗ) ಕಾಣುತ್ತದಲ್ಲ, ಅದನ್ನು ನೋಡುತ್ತಾ ಕೂತುಕೊಳ್ಳಿ. ಡ್ರೈವ್‌ನ ಬಫರ್ ಮತ್ತೆ ಮತ್ತೆ ಕೆಳಗೆ ಬಿದ್ದು ಏಳುತ್ತಿದ್ದರೆ ಕಂಪ್ಯೂಟರ್ ಕಡೆಯಿಂದ ಡೇಟಾ ಸಾಲುತ್ತಿಲ್ಲ. ಕೇಬಲ್ಲೋ ಹಾರ್ಡ್‌ಡಿಸ್ಕೋ ನೋಡಬೇಕು. ಬಫರ್ ತುಂಬಿಕೊಂಡೇ ಇದ್ದು ವೇಗ ಮಾತ್ರ ಏರುತ್ತಿಲ್ಲ ಅಂದರೆ ಡ್ರೈವೇ ಬೇಕಂತ ನಿಧಾನ ಮಾಡುತ್ತಿದೆ.

ಬಯಲುಸೀಮೆ:
ಸಾಟಾಗಿಂತ ಮೊದಲಿನ ಹಳೇ ಐಡಿಇ ಕೇಬಲ್ ಕಾಲದಲ್ಲಿ ಇದೇ ಗೋಳು. ವಿಂಡೋಸ್ ಎಕ್ಸ್‌ಪಿ ನಾಲ್ಕಾರು ಎರರ್ ಕಂಡ ಕೂಡಲೇ ಡಿಎಂಎ ಅನ್ನುವ ವೇಗದ ದಾರಿ ಬಿಟ್ಟು ಪಿಐಒ ಅನ್ನುವ ನಿಧಾನದ ದಾರಿಗೆ ಇಳಿದುಬಿಡುತ್ತಿತ್ತು. ಆಮೇಲೆ 16ಎಕ್ಸ್ ಬರ್ನರ್ ಇದ್ದರೂ ಆಮೆ. ಮೌಸ್ ಕೂಡ ಎಳೆದುಕೊಂಡು ಹೋಗುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಚಾನೆಲ್ಲನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತಿತ್ತು.

ಸಾಟಾಕೇಬಲ್:
@ಬಯಲುಸೀಮೆ ಹೌದು, ಆದರೆ ಅವರದ್ದು ಸಾಟಾ. ಆ ರೋಗ ಇಲ್ಲಿ ಇರಲಾರದು.

ಮದುವೆಮನೆ ವಿಡಿಯೋ:
ದಾವಣಗೆರೆಯಿಂದ. ಮದುವೆ ವಿಡಿಯೋ ಕೆಲಸ ನಮ್ಮದು. ಡಿವಿಡಿ ಕೊಡುವುದೇ ನಿಯಮ ಆಗಿದ್ದಾಗ ಸೀಸನ್‌ನಲ್ಲಿ ರಾತ್ರಿ ಪೂರ್ತಿ ಬರ್ನರ್ ಓಡುತ್ತಿತ್ತು. ಗ್ರಾಫು ಗೀಫು ಏನೂ ನೋಡಿಲ್ಲ. ಅಂಗಡಿಯಲ್ಲಿ ಒಂದು ದರಿದ್ರ ಪ್ಲೇಯರ್ ಇಟ್ಟಿದ್ದೆ. ಲೆನ್ಸ್ ಸವೆದದ್ದು, ಸ್ವಲ್ಪ ಡೌಟಿದ್ದರೂ ಡಿಸ್ಕ್ ಓದುತ್ತಿರಲಿಲ್ಲ. ಅದರಲ್ಲಿ ಓಡಿದರೆ ಗಿರಾಕಿಗೆ ಕೊಡುವುದು, ಇಲ್ಲದಿದ್ದರೆ ಇಲ್ಲ. ಪೂರ್ತಿ ನೋಡುವಷ್ಟು ಪುರುಸೊತ್ತು ಯಾರಿಗಿದೆ? ಕೊನೇ ಚಾಪ್ಟರ್‌ಗೆ ಹಾರಿಸಿ ಐದು ನಿಮಿಷ ಬಿಟ್ಟರೆ ಸಾಕು. ತೊಂದರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಎಷ್ಟು ನಿಧಾನ ಬರೆದರೆ ಅಷ್ಟು ಒಳ್ಳೆಯದು. ನಿಮ್ಮ ಡ್ರೈವ್ 4ಎಕ್ಸ್‌ನಲ್ಲಿ ಬರೆಯುತ್ತಿದ್ದರೆ ಪುಣ್ಯ ಅಂದುಕೊಳ್ಳಿ.

ಪಿಐಪಿಒ:
ಕೊನೇ ಮಾತು ಒಪ್ಪುವುದಿಲ್ಲ. ನಿಧಾನ ಇದ್ದಷ್ಟೂ ಒಳ್ಳೆಯದು ಅನ್ನುವುದು ಸಿಡಿ ಕಾಲದ ನಂಬಿಕೆ. 16ಎಕ್ಸ್ ಡಿಸ್ಕ್‌ನ ಬಣ್ಣದ ಪದರವನ್ನು ವೇಗದ ಬರವಣಿಗೆಗೆ ಅಂತಲೇ ಹೊಂದಿಸಿರುತ್ತಾರೆ. ಯಾವ ಡಿಸ್ಕ್‌ಗೆ ಯಾವ ವೇಗದಲ್ಲಿ ಲೇಸರ್ ಎಷ್ಟು ಹೊತ್ತು ಎಷ್ಟು ಪವರ್ ಕೊಡಬೇಕು ಅನ್ನುವುದು ಡ್ರೈವ್‌ನ ಫರ್ಮ್‌ವೇರ್‌ನಲ್ಲಿ, ಅಂದರೆ ಅದರೊಳಗಿನ ಪ್ರೋಗ್ರಾಂನಲ್ಲಿ ಇರುತ್ತದೆ. ಡಿಸ್ಕ್‌ನ ಮೀಡಿಯಾ ಕೋಡ್ (ತಯಾರಕರು ಡಿಸ್ಕ್‌ನಲ್ಲೇ ಇಟ್ಟ ಗುರುತು) ನೋಡಿ ಡ್ರೈವ್ ಅದನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ 16ಎಕ್ಸ್ ಡಿಸ್ಕನ್ನು 4ಎಕ್ಸ್‌ನಲ್ಲಿ ಬರೆದರೆ 8ಎಕ್ಸ್‌ಗಿಂತ ಕೆಟ್ಟದಾಗಿ ಬರುವುದೂ ಉಂಟು. ಸಾಮಾನ್ಯವಾಗಿ 8 ಅಥವಾ 12ರಲ್ಲಿ ಚೆನ್ನಾಗಿ ಬರುತ್ತದೆ. ಆದರೂ ಡ್ರೈವಿಂದ ಡ್ರೈವಿಗೆ, ಡಿಸ್ಕಿಂದ ಡಿಸ್ಕಿಗೆ ಬೇರೆ.

ಮದುವೆಮನೆ ವಿಡಿಯೋ:
@ಪಿಐಪಿಒ ನನ್ನ ಗಿರಾಕಿಗಳು ಡಿಸ್ಕ್ ವಾಪಸ್ ತಂದಿಲ್ಲ. ನಿಮ್ಮ ಗ್ರಾಫ್‌ಗಿಂತ ಅದು ದೊಡ್ಡ ಸಾಕ್ಷಿ ಅಲ್ವಾ?

ಪಿಐಪಿಒ:
ಮದುವೆ ಡಿಸ್ಕ್‌ನ ಕೊನೆಯಲ್ಲಿ ಊಟದ ಪಂಕ್ತಿ ಇರುತ್ತದೆ ಸರ್. ಅಲ್ಲಿವರೆಗೆ ಯಾರು ನೋಡುತ್ತಾರೆ?

ಮದುವೆಮನೆ ವಿಡಿಯೋ:
😀 ಅದೂ ನಿಜ. ಆದರೆ ಪಂಕ್ತಿಯಲ್ಲಿ ತಾನು ಕಾಣಲಿಲ್ಲ ಅಂತ ಜಗಳಕ್ಕೆ ಬಂದವರೂ ಇದ್ದಾರೆ. ನೋಡುತ್ತಾರೆ, ನೋಡುತ್ತಾರೆ.

ಪೆಂಗ್ವಿನ್ ರಾಯ:
ಲಿನಕ್ಸ್‌ನಲ್ಲಿದ್ದರೆ ಡಿಸ್ಕ್ ಬರೆಯುವ ಕೆ3ಬಿ ಸಾಫ್ಟ್‌ವೇರ್ ಸಾಕು. ಬರೆಯುವಾಗ ವೆರಿಫೈ ಟಿಕ್ ಹಾಕಿ, ಬರೆದದ್ದನ್ನು ಮತ್ತೆ ಓದಿ ಮೂಲದ ಜೊತೆ ಹೋಲಿಸುತ್ತದೆ. ಬಂತಾ? ಬಂತು. ಮುಗಿಯಿತು. ಇದಕ್ಕಿಂತ ಹೆಚ್ಚಿನ ಪರೀಕ್ಷೆ ಏನು ಬೇಕು?

ಪಿಐಪಿಒ:
ಮುಗಿಯಲಿಲ್ಲ. ಅವರ ತೊಂದರೆಯೇ ಅದು. ಬರೆದ ಡ್ರೈವ್ ತಾನು ಬರೆದದ್ದನ್ನು ತಾನು ಓದುತ್ತದೆ, ಬೇರೆಯದು ತಿಣುಕುತ್ತದೆ. ವೆರಿಫೈ ಪಾಸಾದರೆ ಡೇಟಾ ಇದೆ ಅಂತ ಅರ್ಥ, ಎಷ್ಟು ಕಷ್ಟಪಟ್ಟು ಓದಿತು ಅಂತ ಗೊತ್ತಾಗುವುದಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿವಿಡಿಯಲ್ಲಿ ಡೇಟಾ 32 ಕೆಬಿಯ ತುಂಡುಗಳಾಗಿ ಇರುತ್ತದೆ, ಇಸಿಸಿ ಬ್ಲಾಕ್ ಅಂತಾರೆ. ಒಂದು ಬ್ಲಾಕ್‌ನಲ್ಲಿ 208 ಸಾಲು, ಸಾಲಿಗೆ 182 ಬೈಟ್. ಪ್ರತಿ ಸಾಲಿನ ಕೊನೆಯಲ್ಲಿ ತಪ್ಪು ತಿದ್ದಲು 10 ಬೈಟ್ ಇಟ್ಟಿರುತ್ತಾರೆ. ಸಾಲಿನಲ್ಲಿ 5 ಬೈಟ್‌ವರೆಗೆ ಕೆಟ್ಟರೆ ಆ ಸಾಲೇ ತನ್ನನ್ನು ತಿದ್ದಿಕೊಳ್ಳುತ್ತದೆ. ಹಾಗೆ ತಪ್ಪು ಕಂಡ ಸಾಲುಗಳ ಲೆಕ್ಕವೇ ಪಿಐಇ. ಸಾಲಿನ ಮಟ್ಟದಲ್ಲಿ ತಿದ್ದಲು ಆಗದೆ ಉಳಿದದ್ದು ಪಿಐಎಫ್. ಅದನ್ನು ಕಂಬಸಾಲಿನ ಲೆಕ್ಕ ಹಾಕಿ ತಿದ್ದುತ್ತಾರೆ. ಅಲ್ಲೂ ಆಗಲಿಲ್ಲ ಅಂದರೆ ಪಿಒಎಫ್. ಅದು ಒಂದು ಬಂದರೂ ಆ ಜಾಗದ ಡೇಟಾ ಹೋಯಿತು.

ಸ್ಟ್ಯಾಂಡರ್ಡ್ ಪ್ರಕಾರ ಒಂದರ ಹಿಂದೆ ಒಂದು 8 ಬ್ಲಾಕ್ ಸೇರಿ ಪಿಐಇ 280 ದಾಟಬಾರದು. ಪಿಐಎಫ್‌ಗೆ ಬ್ಲಾಕಿಗೆ 4 ಅನ್ನುವುದು ಈ ತಪ್ಪು ಎಣಿಸುವ ಸ್ಕ್ಯಾನ್ ಮಾಡುವವರೆಲ್ಲ ಇಟ್ಟುಕೊಂಡ ಗೆರೆ. ಒಳ್ಳೆ ಡಿಸ್ಕ್, ಒಳ್ಳೆ ಬರ್ನರ್ ಆದರೆ ಪಿಐಇ 20, 30ರಲ್ಲೇ ಮುಗಿಯುತ್ತದೆ. ಕಂಪ್ಯೂಟರ್ ಡ್ರೈವ್ ಓದಲು ಆಗದಿದ್ದರೆ ವೇಗ ಇಳಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಟಿವಿ ಪ್ಲೇಯರ್‌ಗೆ ಆ ತಾಳ್ಮೆ ಇಲ್ಲ, ಅದು ಮುಂದಿನ ಚಿತ್ರ ಆಗಲೇ ತೋರಿಸಬೇಕು. ಅದಕ್ಕೇ ನಿಮ್ಮ ಚೆಂಡೆ ನಿಲ್ಲುವುದು.

ಪೆಂಗ್ವಿನ್ ರಾಯ:
ಸರಿ ಸರಿ. ಲಿನಕ್ಸ್‌ನಲ್ಲಿ ಕ್ಯುಪಿಎಕ್ಸ್‌ಟೂಲ್ ಅಂತಿದೆ, ಇದೇ ಸ್ಕ್ಯಾನ್ ಮಾಡುತ್ತದೆ. ಆದರೆ ಎಲ್ಲ ಡ್ರೈವ್ ಈ ಲೆಕ್ಕವನ್ನು ಹೊರಗೆ ಕೊಡುವುದಿಲ್ಲ. ಸುಮಾರು ಡ್ರೈವ್‌ಗಳಲ್ಲಿ ಸ್ಕ್ಯಾನ್ ಬಟನ್ನೇ ಮಸುಕಾಗಿ ಕೂತಿರುತ್ತದೆ.

ಸಾಟಾಕೇಬಲ್:
ವಿಂಡೋಸ್‌ನಲ್ಲಿ ಹಳೇ ನೀರೋ ಸಿಡಿ-ಡಿವಿಡಿ ಸ್ಪೀಡ್, ಆಮೇಲೆ ಡಿಸ್ಕ್‌ಸ್ಪೀಡ್ ಅಂತ ಹೆಸರಾಯ್ತಲ್ಲ, ಅದೇ ಸಾಕು. ಅದರಲ್ಲಿ ಡೇಟಾ ಡಿಸ್ಕ್ ಮಾಡುವ ಟ್ಯಾಬ್ ಇದೆ. ತಾನೇ ಸುಳ್ಳು ಡೇಟಾ ತುಂಬಿ ಡಿಸ್ಕ್ ಬರೆಯುತ್ತದೆ, ಬರೆಯುತ್ತಾ ಗ್ರಾಫ್ ಎಳೆಯುತ್ತದೆ. ಹಸಿರು ಗೆರೆ ವೇಗ, ಹಳದಿ ಗೆರೆ ಡಿಸ್ಕ್ ತಿರುಗುವ ರಭಸ. ಸಿಎವಿ ಆದರೆ ಹಳದಿ ಮಲಗಿರುತ್ತದೆ, ಹಸಿರು ಓರೆಯಾಗಿ ಏರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ಜಡ್‌ಸಿಎಲ್‌ವಿ, ಅದೂ ತೊಂದರೆ ಅಲ್ಲ. ಹಸಿರು ಗೆರೆ ಮಧ್ಯೆ ಧಡಾರ್ ಅಂತ ಕೆಳಗೆ ಬಿದ್ದು ಮತ್ತೆ ಏರಿದರೆ ಡ್ರೈವ್ ಅಲ್ಲಿ ನಿಂತು ಪವರ್ ಮತ್ತೆ ಹೊಂದಿಸಿಕೊಂಡಿದೆ ಅಥವಾ ಬಫರ್ ಖಾಲಿಯಾಗಿದೆ.

ಡಿಸ್ಕ್ ಪೂರ್ತಿ ತುಂಬಿ ಬರೆಯಲೇಬೇಕು. ಎರಡು ಜಿಬಿ ಬರೆದು ಪರೀಕ್ಷೆ ಮಾಡಿದೆ ಅನ್ನುವವರನ್ನು ನೋಡಿದ್ದೇನೆ. ವೇಗ ಜಾಸ್ತಿ ಆಗುವುದು ಹೊರಗೆ. ಡಿಸ್ಕ್ ಬಾಗಿದ್ದರೆ ಅದು ಕಾಣುವುದು ಹೊರಗೆ. ಬಣ್ಣದ ಪದರ ಏರುಪೇರಾಗಿರುವುದೂ ಹೊರ ಅಂಚಿನ ಹತ್ತಿರವೇ ಜಾಸ್ತಿ. ಅರ್ಧ ಡಿಸ್ಕ್ ಬರೆದರೆ ಪರೀಕ್ಷೆ ಆಗಬೇಕಾದ ಜಾಗವೇ ಬಿಟ್ಟುಹೋಗುತ್ತದೆ.

ಹೊಸಕನ್ನಡಕ:
ಸುಮ್ನೆ ಡಿಸ್ಕ್ ಯಾಕೆ ಹಾಳು ಮಾಡುವುದು? ಸಿಮ್ಯುಲೇಶನ್ ಮೋಡ್ ಹಾಕಿ. ಲೇಸರ್ ಪವರ್ ಇಲ್ಲದೆ ಬರೆದ ಹಾಗೆ ನಟಿಸುತ್ತದೆ, ಡಿಸ್ಕ್ ಹಾಗೇ ಉಳಿಯುತ್ತದೆ.

ಪಿಐಪಿಒ:
@ಹೊಸಕನ್ನಡಕ ಆ ಸೌಲಭ್ಯ ಇರುವುದು ಡಿವಿಡಿ ಮೈನಸ್ ಆರ್ ಅನ್ನುವ ಇನ್ನೊಂದು ಜಾತಿಯ ಡಿಸ್ಕ್‌ನಲ್ಲಿ. ಅವರ ಹತ್ತಿರ ಇರುವುದು ಪ್ಲಸ್ ಆರ್, ಅದರಲ್ಲಿ ಸಿಮ್ಯುಲೇಶನ್ ಇಲ್ಲ. ಮೈನಸ್‌ನಲ್ಲಿ ಮಾಡಿದರೂ ಗೊತ್ತಾಗುವುದು ವೇಗ ಮಾತ್ರ. ಬರೆಯದೇ ಇದ್ದ ಮೇಲೆ ಕ್ವಾಲಿಟಿ ಎಲ್ಲಿಂದ ಬರಬೇಕು?

ಹೊಸಕನ್ನಡಕ:
ಹಾಗಾದರೆ ಆರ್‌ಡಬ್ಲ್ಯೂ ಡಿಸ್ಕ್ ಒಂದು ತಗೊಂಡು ಅಳಿಸಿ ಅಳಿಸಿ ಪರೀಕ್ಷೆ ಮಾಡಲಿ.

ಸಾಟಾಕೇಬಲ್:
ಕೇಬಲ್, ಬಫರ್, ಸಾಫ್ಟ್‌ವೇರ್ ಸರಿ ಇದೆಯಾ ಅಂತ ನೋಡಲು ಆರ್‌ಡಬ್ಲ್ಯೂ ಆಗುತ್ತದೆ. ಬರವಣಿಗೆ ಹೇಗಿದೆ ಅಂತ ಹೇಳಲು ಆಗುವುದಿಲ್ಲ. ಅದರಲ್ಲಿರುವುದು ಬಣ್ಣವಲ್ಲ, ಲೋಹದ ಮಿಶ್ರಣ. ಲೇಸರ್ ಕೆಲಸ ಮಾಡುವ ರೀತಿಯೇ ಬೇರೆ. ವೇಗವೂ 4, 6, ಹೆಚ್ಚೆಂದರೆ 8ಎಕ್ಸ್. ಬೆಳಕು ವಾಪಸ್ ಕೊಡುವುದು ಆರ್ ಡಿಸ್ಕ್‌ನ ಅರ್ಧದಷ್ಟು. ಹಳೇ ಪ್ಲೇಯರ್ ಅದನ್ನು ಮೂಸಿಯೂ ನೋಡುವುದಿಲ್ಲ.

ಬಯಲುಸೀಮೆ:
ಡಿಸ್ಕ್ ಅಂದ ಕೂಡಲೇ ನೆನಪಾಯ್ತು. ಮೋಸರ್ ಬೇರ್ ಸಿನಿಮಾ ಡಿಸ್ಕ್‌ಗಳು ಯಾರಿಗೆ ನೆನಪಿದೆ? ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕದಲ್ಲಿ ನೇತುಹಾಕಿರುತ್ತಿದ್ದರು. ಬ್ಲ್ಯಾಂಕ್ ಡಿಸ್ಕ್‌ನಲ್ಲಿ ಪ್ರಪಂಚದ ದೊಡ್ಡ ಕಂಪನಿಗಳಲ್ಲಿ ಒಂದಾಗಿತ್ತು ಅದು. ನಮ್ಮ ದೇಶದ್ದು.

ತುಂಗಾತೀರ:
ನೆನಪಿದೆ. ಕಾಗದದ ಕವರ್‌ನೊಳಗೆ ಡಿಸ್ಕ್. ಕವರ್ ಅಂಟು ಬಿಟ್ಟುಹೋಗುತ್ತಿತ್ತು, ಡಿಸ್ಕ್ ಮಾತ್ರ ಓಡುತ್ತಿತ್ತು. ಕಂಪನಿ 2018ರಲ್ಲಿ ಮುಚ್ಚಿಹೋಯಿತು.

ಸಾಟಾಕೇಬಲ್:
ತೈಯೊ ಯುಡೆನ್ ಅದಕ್ಕಿಂತ ಮೊದಲೇ ಹೋಯಿತು, 2015ರ ಕೊನೆಗೆ ಡಿಸ್ಕ್ ಮಾಡುವುದು ನಿಲ್ಲಿಸಿದರು. ಬರ್ನ್ ಮಾಡುವವರೆಲ್ಲ ಜಪಾನಿನ ಆ ಡಿಸ್ಕ್ ಅಂದರೆ ಪ್ರಾಣ ಬಿಡುತ್ತಿದ್ದರು. ವರ್ಬೆಟಿಮ್ ಹೆಸರು 2019ರಲ್ಲಿ ತೈವಾನಿನ ಸಿಎಂಸಿ ಕೈಗೆ ಹೋಯಿತು.

ಅದಿರಲಿ. @ಕಡಲತಡಿ ನಿಮ್ಮ ಡಿಸ್ಕ್‌ನ ಮೀಡಿಯಾ ಕೋಡ್ ಏನು? ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ಸಾಫ್ಟ್‌ವೇರ್ ತೆರೆದು ಬ್ಲ್ಯಾಂಕ್ ಡಿಸ್ಕ್ ಹಾಕಿ. ಬಲಗಡೆ ಪಟ್ಟಿಯಲ್ಲಿ ಡಿಸ್ಕ್ ಐಡಿ ಬರುತ್ತದೆ. ಅದರ ಕೆಳಗೆ ಡ್ರೈವ್ ಈ ಡಿಸ್ಕ್‌ಗೆ ಯಾವ ಯಾವ ವೇಗ ಒಪ್ಪುತ್ತದೆ ಅಂತಲೂ ಇರುತ್ತದೆ. ಡಬ್ಬಿಯ ಮೇಲಿನ ಹೆಸರು ನಂಬಬೇಡಿ. ಒಂದೇ ಹೆಸರಿನ ಡಬ್ಬಿಯೊಳಗೆ ಬೇರೆ ಬೇರೆ ಕಾರ್ಖಾನೆಯ ಡಿಸ್ಕ್ ಇರುತ್ತದೆ.

ಕಡಲತಡಿ:
ನೋಡಿದೆ. ಕೋಡ್ ಜಾಗದಲ್ಲಿ ಇರುವ ಅಕ್ಷರ ಹುಡುಕಿದರೆ ಎಲ್ಲೂ ಸಿಗುತ್ತಿಲ್ಲ. ಒಪ್ಪುವ ವೇಗ ಅಂತ 4ಎಕ್ಸ್ ಒಂದೇ ಇದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 16ಎಕ್ಸ್! ಬಫರ್ ಕೂಡ ನೋಡಿದೆ, ಪೂರ್ತಿ ಹೊತ್ತು ತುಂಬಿಕೊಂಡೇ ಇತ್ತು.

ಸಾಟಾಕೇಬಲ್:
ಸಿಕ್ಕಿತಲ್ಲ. ಆ ಕೋಡ್ ನಿಮ್ಮ ಡ್ರೈವ್‌ನ ಫರ್ಮ್‌ವೇರ್‌ಗೆ ಗೊತ್ತಿಲ್ಲ. ಗುರುತಿಲ್ಲದ ಡಿಸ್ಕ್ ಬಂದರೆ ಡ್ರೈವ್ ಒಂದು ಸಾಮಾನ್ಯ ಲೆಕ್ಕ ಹಿಡಿದು ಹುಷಾರಾಗಿ 4ಎಕ್ಸ್‌ನಲ್ಲಿ ಬರೆಯುತ್ತದೆ. ಸ್ಪೀಡ್ ಸಮಸ್ಯೆ ಡ್ರೈವ್‌ದಲ್ಲ. ತಯಾರಕರ ಹೊಸ ಫರ್ಮ್‌ವೇರ್ ಸಿಕ್ಕರೆ ಹಾಕಿ ನೋಡಬಹುದು. ಆದರೆ ಸರಿಯಾದ ಮಾಡೆಲ್‌ದೇ ಇರಬೇಕು, ಮಧ್ಯೆ ಕರೆಂಟ್ ಹೋದರೆ ಡ್ರೈವ್ ಕೈಬಿಟ್ಟ ಹಾಗೆ. ಮಳೆಗಾಲದಲ್ಲಿ ಕುಂದಾಪುರದಲ್ಲಿ ಕೂತು ಈ ಕೆಲಸ ಮಾಡಬೇಡಿ.

ಈಗ ಗೊತ್ತಿರುವ ಕೋಡ್‌ನ ಡಿಸ್ಕ್ ಸ್ವಲ್ಪ ತನ್ನಿ. ಎಂಸಿಸಿ 004 ಅಂತ ಬರುವ ಪ್ಲಸ್ ಆರ್ ಸಿಕ್ಕರೆ ಒಳ್ಳೆಯದು. ಅದು ಮಿತ್ಸುಬಿಷಿಯ 16ಎಕ್ಸ್ ಕೋಡ್, ಸುಮಾರು ಎಲ್ಲ ಡ್ರೈವ್‌ಗೂ ಗೊತ್ತು. ಅದೇ ಡ್ರೈವ್‌ನಲ್ಲಿ ಎರಡೂ ಥರದ ಡಿಸ್ಕ್ ಬರೆದು ಹೋಲಿಸಿದರೆ ತಪ್ಪು ಯಾರದ್ದು ಅಂತ ಬಯಲಾಗುತ್ತದೆ.

ಪಿಐಪಿಒ:
ಪಕ್ಕಾ. ಬರ್ನರ್ ಒಂದನ್ನೇ ಪರೀಕ್ಷೆ ಮಾಡುವುದು ಅಂತ ಇಲ್ಲವೇ ಇಲ್ಲ. ಯಾವಾಗಲೂ ಬರ್ನರ್, ಡಿಸ್ಕ್, ಓದುವ ಡ್ರೈವ್ ಮೂರೂ ಸೇರಿಯೇ ಪರೀಕ್ಷೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬರೆದ ಮೇಲೆ ಸಾಧ್ಯವಾದರೆ ಬೇರೆ ಡ್ರೈವ್‌ನಲ್ಲಿ ಓದಿಸಿ. ಲೈಟ್ಆನ್ ಡ್ರೈವ್ ಹಳೇ ಕಂಪ್ಯೂಟರ್‌ನಲ್ಲಿ ಎಲ್ಲಾದರೂ ಇದ್ದರೆ ತೆಗೆದಿಟ್ಟುಕೊಳ್ಳಿ, ಸ್ಕ್ಯಾನ್ ಮಾಡುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ.

ಕೊನೆಗೆ ಬರುವ 95, 97 ಅನ್ನುವ ಸ್ಕೋರ್ ನೋಡಿ ಕುಣಿಯಬೇಡಿ. ಅದು ಪಿಐಎಫ್‌ನ ಅತಿ ಎತ್ತರದ ಒಂದು ಚುಕ್ಕಿ ನೋಡಿ ಕೊಡುವ ಅಂಕ. ಒಂದು ಧೂಳಿನ ಕಣ ಇದ್ದರೂ ಬೀಳುತ್ತದೆ. ಗ್ರಾಫ್ ಆಕಾರ ನೋಡಿ. ಹೊರಕ್ಕೆ ಹೋಗ್ತಾ ಏರುತ್ತಿದೆಯಾ, ಗುಡ್ಡದ ಥರ ಒಂದು ಕಡೆ ಗುಂಪಾಗಿದೆಯಾ ಅನ್ನುವುದು ಮುಖ್ಯ.

ಪೆಂಗ್ವಿನ್ ರಾಯ:
ಆದರೆ ಮನೆಯ ಡ್ರೈವ್ ಅಳತೆ ಉಪಕರಣ ಅಲ್ಲವಲ್ಲ. ಒಂದೇ ಡಿಸ್ಕ್ ಎರಡು ಡ್ರೈವ್‌ನಲ್ಲಿ ಹಾಕಿದರೆ ಎರಡು ಥರ ಅಂಕಿ ಬರುತ್ತದೆ. ಅಂಥ ಅಂಕಿ ಹಿಡಿದು ಇಷ್ಟು ಜೋರಾಗಿ ಮಾತಾಡುವುದು ಯಾಕೆ?

ಪಿಐಪಿಒ:
ಎರಡು ಡ್ರೈವ್‌ಗಳ ಅಂಕಿ ಹೋಲಿಸಿ ಅಂತ ನಾನು ಎಲ್ಲಿ ಹೇಳಿದೆ? ಒಂದೇ ಡ್ರೈವ್, ಒಂದೇ ಸ್ಕ್ಯಾನ್ ಸ್ಪೀಡ್, ಬೇರೆ ಬೇರೆ ಡಿಸ್ಕ್. ಆಗ ಅಂಕಿಗೆ ಬೆಲೆ ಇದೆ.

ಪೆಂಗ್ವಿನ್ ರಾಯ:
ನನ್ನ ಪ್ರಕಾರ ಓದುವ ವೇಗದ ಗ್ರಾಫ್ ಸಾಕು. ಬೇರೆ ಡ್ರೈವ್‌ನಲ್ಲಿ ಪೂರ್ತಿ ವೇಗದಲ್ಲಿ ಓದಿಸುವುದು. ಗೆರೆ ನೇರ ಏರಿದರೆ ಡಿಸ್ಕ್ ಚೆನ್ನಾಗಿದೆ. ಹಲ್ಲು ಹಲ್ಲಾದರೆ ಇಲ್ಲ. ಇದಕ್ಕೆ ಯಾವ ಡ್ರೈವ್ ಆದರೂ ಆಗುತ್ತದೆ, ಲೈಟ್ಆನ್ ಹುಡುಕಿಕೊಂಡು ಗುಜರಿಗೆ ಹೋಗಬೇಕಿಲ್ಲ.

ಸಾಟಾಕೇಬಲ್:
ಎರಡೂ ಮಾಡಲಿ ಬಿಡ್ರಿ. ಡಿಸ್ಕ್ ಅವರದ್ದು, ಜಗಳ ನಿಮ್ಮದು.

ಎಲೆಅಡಿಕೆ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಲ್ಲಿ ಸಿಕ್ಕಿಸುವ ತೆಳು ಬರ್ನರ್. ಬರೆಯಲು ಶುರು ಮಾಡಿದ ಕೂಡಲೇ ಕಟ್ ಕಟ್ ಅಂತ ಸದ್ದು ಮಾಡಿ ಡ್ರೈವ್ ಮಾಯವಾಗುತ್ತದೆ. ಓದುವಾಗ ಏನೂ ತೊಂದರೆ ಇಲ್ಲ.

ಬಯಲುಸೀಮೆ:
@ಎಲೆಅಡಿಕೆ ಕರೆಂಟ್ ಸಾಲುತ್ತಿಲ್ಲ. ಬರೆಯುವಾಗ ಲೇಸರ್ ಜಾಸ್ತಿ ಪವರ್ ಎಳೆಯುತ್ತದೆ. ಉದ್ದನೆಯ ವೈರ್ ಬಿಟ್ಟು ಗಿಡ್ಡ ವೈರ್ ಹಾಕಿ. ಹಬ್ ಇದ್ದರೆ ತೆಗೆದು ನೇರ ಲ್ಯಾಪ್‌ಟಾಪ್‌ಗೇ ಸಿಕ್ಕಿಸಿ. ಎರಡು ಬಾಯಿ ಇರುವ ಯುಎಸ್‌ಬಿ ವೈರ್ ಸಿಗುತ್ತದೆ, ಅದಾದರೆ ಇನ್ನೂ ಒಳ್ಳೆಯದು. ಅಂದ ಹಾಗೆ ಆ ತೆಳು ಡ್ರೈವ್‌ಗಳು ಡಿವಿಡಿಯಲ್ಲಿ 8ಎಕ್ಸ್ ಮೇಲೆ ಹೋಗುವುದಿಲ್ಲ. ಅದಕ್ಕೆ ಯುಎಸ್‌ಬಿ 2.0 ಧಾರಾಳ ಸಾಕು.

ಎಲೆಅಡಿಕೆ:
ಗಿಡ್ಡ ವೈರ್ ಹಾಕಿದೆ, ಬರೆಯಿತು! ತುಂಬಾ ಥ್ಯಾಂಕ್ಸ್ ಅಣ್ಣ.

ಕಡಲತಡಿ:
ಸ್ವಲ್ಪ ತಡವಾಯಿತು, ಡಿಸ್ಕ್ ಉಡುಪಿಯಿಂದ ತರಿಸಬೇಕಾಯಿತು. ಎಂಸಿಸಿ 004 ಸಿಕ್ಕಿತು. ಭಾವನ ಹಳೇ ಕಂಪ್ಯೂಟರ್‌ನಿಂದ ಲೈಟ್ಆನ್ ಡ್ರೈವನ್ನೂ ಬಿಚ್ಚಿ ತಂದೆ, ಸ್ಕ್ಯಾನ್‌ಗೆ ಮಾತ್ರ.

ಮೊದಲು ಸ್ಪೀಡ್. ಹೊಸ ಡಿಸ್ಕ್‌ಗೆ ಡ್ರೈವ್ 16ಎಕ್ಸ್ ಒಪ್ಪಿತು. ಗ್ರಾಫ್ ಸಾಟಾಕೇಬಲ್ ಸರ್ ಹೇಳಿದ ಹಾಗೇ ಬಂತು. ಹಳದಿ ಮಲಗಿತ್ತು, ಹಸಿರು ಆರೂವರೆಯಿಂದ ಶುರುವಾಗಿ ಹದಿನಾರಕ್ಕೆ ಮುಗಿಯಿತು. ಎಲ್ಲ ಸೇರಿ ಆರು ನಿಮಿಷದೊಳಗೆ. 8ಎಕ್ಸ್‌ನಲ್ಲೂ ಒಂದು ಬರೆದೆ, ಅದಕ್ಕೆ ಎಂಟು ನಿಮಿಷ ಚಿಲ್ಲರೆ.

ಸ್ಕ್ಯಾನ್‌ನಲ್ಲಿ 8ಎಕ್ಸ್ ಡಿಸ್ಕ್‌ದು ಪಿಐಇ ಇಪ್ಪತ್ತರ ಆಸುಪಾಸು, ಪಿಐಎಫ್ 2 ದಾಟಲಿಲ್ಲ. 16ಎಕ್ಸ್ ಡಿಸ್ಕ್ 4 ಜಿಬಿವರೆಗೆ ಹಾಗೇ ಇತ್ತು, ಕೊನೆಗೆ ಪಿಐಇ ಅರವತ್ತಕ್ಕೆ ಏರಿತು. ಪಿಐಎಫ್ ಒಂದೆರಡು ಕಡೆ 4. ಹಳೇ ಡಬ್ಬಿಯ ಡಿಸ್ಕ್, ಅದೂ 4ಎಕ್ಸ್‌ನಲ್ಲಿ ಬರೆದದ್ದು, ಮೂರು ಜಿಬಿ ದಾಟಿದ ಮೇಲೆ ಪಿಐಇ ಐನೂರರ ಮೇಲೆ ಹೋಗಿ ನಿಂತಿತು. ಪಿಐಎಫ್ ಮೂವತ್ತು ನಲವತ್ತು. ಕೊನೆಯಲ್ಲಿ ಸ್ಕ್ಯಾನೇ ಅರ್ಧಕ್ಕೆ ನಿಂತಿತು. ಒಂದೇ ಬರ್ನರ್, ಒಂದೇ ದಿನ.

ಮದುವೆಮನೆ ವಿಡಿಯೋ:
ನಿಧಾನ ಬರೆದದ್ದೇ ಚೆನ್ನಾಗಿ ಬಂತಲ್ಲ! 8ಎಕ್ಸ್ ಗೆದ್ದಿತು, 16 ಸೋತಿತು. ನಾನು ಏನು ಹೇಳಿದ್ದೆ?

ಪಿಐಪಿಒ:
ಸರ್, 4ಎಕ್ಸ್ ಡಿಸ್ಕ್ ಮಲಗಿದೆ, ಅದನ್ನು ಬಿಟ್ಟು ಓದುತ್ತಿದ್ದೀರಲ್ಲ.

ಮದುವೆಮನೆ ವಿಡಿಯೋ:
ಅದು ಡಿಸ್ಕ್ ಕಳಪೆ. ಕಳಪೆ ಡಿಸ್ಕ್‌ಗೆ ಬ್ರಹ್ಮ ಬರೆದರೂ ಅಷ್ಟೇ. ಒಳ್ಳೆ ಡಿಸ್ಕನ್ನೇ 4ಎಕ್ಸ್‌ನಲ್ಲಿ ಬರೆದು ತೋರಿಸಲಿ, ಆಮೇಲೆ ಮಾತಾಡೋಣ.

ಪಿಐಪಿಒ:
ಆಯ್ತು, ನ್ಯಾಯವಾದ ಮಾತು. @ಕಡಲತಡಿ ಒಂದು ಡಿಸ್ಕ್ ಖರ್ಚು ಮಾಡುತ್ತೀರಾ?

ಕಡಲತಡಿ:
ಡ್ರೈವ್ ಈ ಡಿಸ್ಕ್‌ಗೆ 4ಎಕ್ಸ್ ಆಯ್ಕೆಯನ್ನೇ ಕೊಡುತ್ತಿಲ್ಲ ಸರ್. ಕಡಿಮೆ ಅಂದರೆ 6.

ಸಾಟಾಕೇಬಲ್:
ಹೊಸ ಡ್ರೈವ್‌ಗಳಲ್ಲಿ ಹಾಗೇ. 16ಎಕ್ಸ್ ಡಿಸ್ಕ್‌ಗೆ ತೀರ ಕೆಳಗಿನ ವೇಗ ಇಟ್ಟಿರುವುದೇ ಇಲ್ಲ.

ಮದುವೆಮನೆ ವಿಡಿಯೋ:
ಒಳ್ಳೇ ತಪ್ಪಿಸಿಕೊಂಡಿರಿ ಎಲ್ಲರೂ.

ಕಡಲತಡಿ:
ಇನ್ನೊಂದು ವಿಷಯ ಉಳಿದಿದೆ. 8ಎಕ್ಸ್‌ನಲ್ಲಿ ಬರೆದ ಒಳ್ಳೇ ಡಿಸ್ಕನ್ನು ದೊಡ್ಡಪ್ಪನ ಪ್ಲೇಯರ್‌ಗೆ ಹಾಕಿದರೆ ಕೊನೆವರೆಗೂ ಓಡಿತು. ಆದರೆ ಪಕ್ಕದ ಮನೆಯ ಇನ್ನೂ ಹಳೇ ಪ್ಲೇಯರ್ ಡಿಸ್ಕೇ ಇಲ್ಲ ಅನ್ನುತ್ತದೆ. ಅಂಗಡಿಯಿಂದ ತಂದ ಸಿನಿಮಾ ಡಿವಿಡಿ ಅದರಲ್ಲಿ ಓಡುತ್ತದೆ.

ಸಾಟಾಕೇಬಲ್:
ಬುಕ್‌ಟೈಪ್ ನೋಡಿ, ಡಿಸ್ಕ್ ಯಾವ ಥರದ್ದು ಅಂತ ಪ್ಲೇಯರ್‌ಗೆ ಹೇಳುವ ಗುರುತು ಅದು. ಕೆಲವು ಹಳೇ ಪ್ಲೇಯರ್‌ಗೆ ಪ್ಲಸ್ ಆರ್ ಅನ್ನುವ ಗುರುತೇ ಗೊತ್ತಿಲ್ಲ. ಪ್ಲಸ್ ಆರ್ ಬರೆಯುವಾಗ ಆ ಗುರುತಿನ ಜಾಗದಲ್ಲಿ ಡಿವಿಡಿ ರೋಮ್ (ಅಂಗಡಿಯ ಸಿನಿಮಾ ಡಿಸ್ಕ್‌ನ ಗುರುತು) ಅಂತ ಬರೆಯುವ ಅವಕಾಶ ಇದೆ. ಇಮ್ಗ್‌ಬರ್ನ್‌ನಲ್ಲಿ ಸಣ್ಣ ಪುಸ್ತಕದ ಚಿತ್ರದ ಬಟನ್ ಇದೆಯಲ್ಲ, ಅದು. ಡ್ರೈವ್ ಒಪ್ಪಬೇಕು ಅಷ್ಟೇ. ಒಪ್ಪದಿದ್ದರೆ ಆ ಮನೆಗೆ ಮೈನಸ್ ಆರ್‌ನಲ್ಲಿ ಬರೆದುಕೊಡಿ.

ಮತ್ತೆ ಡಿಸ್ಕ್ ಮೇಲೆ ಪ್ರಸಂಗದ ಹೆಸರು ಬರೆಯುವಾಗ ಬಾಲ್‌ಪೆನ್ ಬೇಡ, ಮೆತ್ತನೆ ತುದಿಯ ಮಾರ್ಕರ್ ಸಾಕು. ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿದ್ದು. ಕರಾವಳಿ ತೇವಕ್ಕೆ ಕಾಗದ ಎಳೆದು ಡಿಸ್ಕ್ ಬಾಗುತ್ತದೆ. ಬಾಗಿದರೆ ಹೊರ ಅಂಚು ಓದುವುದಿಲ್ಲ.

ಮದುವೆಮನೆ ವಿಡಿಯೋ:
ಸ್ಟಿಕ್ಕರ್ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿಗೆ. ವಧೂವರರ ಫೋಟೋ ಅಂಟಿಸಿ ಕೊಡಿ ಅಂತ ಎಲ್ಲರೂ ಕೇಳುತ್ತಿದ್ದರು. ಆಮೇಲೆ ಪ್ರಿಂಟ್ ಮಾಡಬಹುದಾದ ಬಿಳಿ ಡಿಸ್ಕ್ ಬಂತು, ಬದುಕಿದೆವು.

ತುಂಗಾತೀರ:
ಆಟ ರಾತ್ರಿಯಿಡೀ ನಡೆಯುತ್ತದಲ್ಲ, ಒಂದು ಪ್ರಸಂಗಕ್ಕೆ ಎಷ್ಟು ಡಿಸ್ಕ್ ಬೇಕು?

ಕಡಲತಡಿ:
ಎರಡು ಗಂಟೆಗೆ ಒಂದು ಡಿಸ್ಕ್ ಅಂತ ಇಟ್ಟಿದ್ದೇನೆ, ಸೆಕೆಂಡಿಗೆ ಐದು ಮೆಗಾಬಿಟ್ ಹತ್ತಿರ. ಅದಕ್ಕಿಂತ ಹಿಂಡಿದರೆ ದೊಂದಿ ಬೆಳಕಿನ ದೃಶ್ಯ ಒಡೆದುಹೋಗುತ್ತದೆ. ಹಾಗಾಗಿ ನಾಲ್ಕೋ ಐದೋ.

ಹೊಸಕನ್ನಡಕ:
ಡ್ಯುಯಲ್ ಲೇಯರ್ ಹಾಕಿದರೆ 8.5 ಜಿಬಿ ಸಿಗುತ್ತದೆ. ಡಿಸ್ಕ್ ಅರ್ಧಕ್ಕೆ ಇಳಿಯುತ್ತದೆ.

ಪಿಐಪಿಒ:
ಇಳಿಯುತ್ತದೆ, ಆದರೆ ಒಂದರ ಬೆಲೆಯಲ್ಲಿ ಸಾದಾ ಡಿಸ್ಕ್ ಹಲವು ಬರುತ್ತದೆ. ಹಳೇ ಪ್ಲೇಯರ್ ಒಂದು ಪದರದಿಂದ ಇನ್ನೊಂದಕ್ಕೆ ಹಾರುವಾಗ ತಡವರಿಸುತ್ತದೆ. ದೊಡ್ಡಪ್ಪನ ಮನೆಯ ಪ್ಲೇಯರ್‌ಗೆ ಬೇಡ.

ಕಡಲತಡಿ:
ಬುಕ್‌ಟೈಪ್ ಬದಲಿಸಿದೆ, ಡ್ರೈವ್ ಒಪ್ಪಿತು. ಪಕ್ಕದ ಮನೆಯ ಪ್ಲೇಯರ್ ಡಿಸ್ಕ್ ಹಿಡಿಯಿತು. ಹಳೇ ಡಬ್ಬಿಯಲ್ಲಿ ಇನ್ನೂ ಸುಮಾರು ಡಿಸ್ಕ್ ಉಳಿದಿದೆ, ಏನು ಮಾಡುವುದು?

ಬಯಲುಸೀಮೆ:
ಮೂರು ಜಿಬಿವರೆಗೆ ಸರಿ ಇದೆ ಅಂದಿರಲ್ಲ. ಅಷ್ಟೇ ತುಂಬಿ, ಫೋಟೋಗೋ ಹಾಡಿಗೋ ಬಳಸಿ.

ಪಿಐಪಿಒ:
ಬೇಡ. ಇವತ್ತು ಸರಿ ಇರುವ ಜಾಗ ಮುಂದಿನ ವರ್ಷ ಸರಿ ಇರುತ್ತದೆ ಅಂತ ಏನು ಗ್ಯಾರಂಟಿ? ಮುಖ್ಯವಾದದ್ದು ಏನೂ ಹಾಕಬೇಡಿ.

ಬಯಲುಸೀಮೆ:
ಹಾಡು ಮುಖ್ಯ ಅಂತ ನಾನು ಹೇಳಲೇ ಇಲ್ಲವಲ್ಲ.

ಸಾಟಾಕೇಬಲ್:
@ಕಡಲತಡಿ ಗ್ರಾಫ್‌ಗಳ ಚಿತ್ರ ಇದ್ದರೆ ಇಲ್ಲಿ ಹಾಕಿ. ಎಷ್ಟು ಎಕ್ಸ್‌ನಲ್ಲಿ ಸ್ಕ್ಯಾನ್ ಮಾಡಿದ್ದು, ಡ್ರೈವ್ ಮಾಡೆಲ್ ಯಾವುದು ಅನ್ನುವುದನ್ನೂ ಬರೆಯಿರಿ. ಡಿಸ್ಕ್‌ಗಳಿಗೆ ನಂಬರ್ ಹಾಕಿ ಒಂದು ಸೆಟ್ ಕತ್ತಲೆಯಲ್ಲಿ ಎತ್ತಿಡಿ, ಒಂದು ಮಳೆಗಾಲ ಕಳೆದ ಮೇಲೆ ಅದೇ ಲೈಟ್ಆನ್‌ನಲ್ಲಿ ಮತ್ತೆ ನೋಡೋಣ. ಭಾವ ಡ್ರೈವ್ ವಾಪಸ್ ಕೇಳಿದರೆ ಕೊಡಬೇಡಿ.